ಕೊನೆಯ ಬಣ್ಣ ಕಪ್ಪು

ನಾಲ್ಕನೆಯ ತಿರುಪು ಜಪ್ಪಯ್ಯ ಎಂದರೂ ಅಲುಗಲಿಲ್ಲ. ತಿರುಪುಳಿಯ ಮೇಲೆ ಅಂಗೈ ಊರಿ ತಮ್ಮ ಮತ್ತೆ ತಿರುಗಿಸಿದ. ಅವನ ಬೆನ್ನ ಹಿಂದೆ, ಒರೆಸಿ ಚೊಕ್ಕಮಾಡಿದ್ದ ಕೆಲಸದ ಮೇಜಿನ ಮೇಲೆ, ಶವಪೆಟ್ಟಿಗೆಯೊಳಗೆ ಅಣ್ಣ ಮಲಗಿದ್ದ.

"ಹುಷಾರು ಕಣಪ್ಪಾ," ಎಂದರು ಅಣ್ಣನ ಹಳೆಯ ಗಿರಾಕಿಯಾದ ನಿವೃತ್ತ ಮೇಷ್ಟ್ರು. "ಪ್ಯಾನೆಲ್ ಒಡೆದ್ರೆ ಇನ್ನೊಂದು ಮಾಡೋ ಕೈ ಈಗಿಲ್ಲ. ಆ ಅಕ್ಷರ ನೋಡಿ ಮೇಡಂ, ಬ್ಲೇಡಲ್ಲಿ ಕೊಯ್ದ ಹಾಗಿವೆ."

"ತಿರುಪು ತೆಗೀತಿರೋರು ಯಾರು?" ಮ್ಯೂಸಿಯಂನಿಂದ ಬಂದಿದ್ದ ಹೆಂಗಸು ಪಿಸುಗುಟ್ಟಿದಳು.

"ತಮ್ಮ. ಇವರೂ ಪ್ಯಾನೆಲ್ ಮಾಡ್ತಾರೆ."

ಇವರೂ. ತಿರುಪು ಕಿರ್ರೆಂದು ಸಡಿಲವಾಯಿತು.

ಗೋಡೆಗೆ ಆನಿಕೊಂಡು ಬೀರುವಿನಂತೆ ನಿಂತಿದ್ದ ಯಂತ್ರ ಹಳೆಯ ಕಂಪ್ಯೂಟರು. ಪರದೆಗಳು ಬರುವ ಮುಂಚೆ ಇವು ದೀಪಗಳಲ್ಲೇ ಮಾತಾಡುತ್ತಿದ್ದವು. ಎದೆಯ ಮೇಲೆ ಸಾಲು ದೀಪ, ಕೆಳಗೆ ಸಾಲು ಸ್ವಿಚ್ಚು. ಗುಜರಿಯಿಂದ ಎತ್ತಿ ತಂದ ಯಂತ್ರಗಳ ಮುಂಭಾಗ ಬಿರುಕು ಬಿಟ್ಟಿರುತ್ತಿತ್ತು. ಮೂಲದಂತೆಯೇ ಹೊಸ ಮುಖ, ಅಂದರೆ ಪ್ಯಾನೆಲ್ಲು, ಮಾಡಿಕೊಡುವುದು ಅಣ್ಣನ ಜೀವಮಾನದ ಕಸುಬು. ಇದೊಂದು ಯಂತ್ರ ಅವನ ಸ್ವಂತದ್ದು. ಅವನನ್ನು ಎತ್ತುವಾಗ ಇದು ಉರಿಯುತ್ತಿರಬೇಕು ಎಂದು ಅತ್ತಿಗೆ ಹಟ ಹಿಡಿದಿದ್ದಳು. ನಡುಸಾಲಿನ ಒಂದು ಬಲ್ಬು ಸತ್ತಿತ್ತು.

"ಇದರ ಮೇಲೆ ನನಗೆ ಸವತಿ ಮತ್ಸರ," ಎಂದಿದ್ದಳು. "ಆದ್ರೂ ಸರಿಮಾಡು. ಹಲ್ಲು ಬಿದ್ದ ಬಾಯಿ ಥರ ಇದೆ. ಹೀಗೆ ಬಿಟ್ರೆ ಅವರು ಎದ್ದು ಕೂರ್ತಾರೆ."

ತಮ್ಮ ಒಪ್ಪಿದ್ದು ಬಲ್ಬಿಗಾಗಿ ಅಲ್ಲ. ಊರೆಲ್ಲ ಹೊಗಳುವ ಈ ಪ್ಯಾನೆಲ್ಲನ್ನು ಒಮ್ಮೆ ಬಿಚ್ಚಿ ಬೆಳಕಿಗೆ ಹಿಡಿಯಬೇಕಿತ್ತು. ಅಣ್ಣನ ಕೆಲಸದಲ್ಲಿ ಒಂದೇ ಒಂದು ತೂತು ಸಿಕ್ಕರೆ ಸಾಕಿತ್ತು.

*

ಪ್ಯಾನೆಲ್ಲಿಗೆ ಅಚ್ಚು ಹಾಕುವುದು ಹಿಂದಿನಿಂದ. ಪಾರದರ್ಶಕ ಅಕ್ರಿಲಿಕ್ ಹಾಳೆಯ ಬೆನ್ನಿಗೆ ಮೊದಲು ಬಿಳಿ ಅಕ್ಷರ, ಆಮೇಲೆ ಬಣ್ಣದ ಪಟ್ಟಿ, ಎಲ್ಲಕ್ಕಿಂತ ಕೊನೆಗೆ ಕಪ್ಪು. ಬಲ್ಬಿನ ಕಿಂಡಿಗಳನ್ನು ಬಿಟ್ಟು ಬೇರೆಲ್ಲೂ ಬೆಳಕು ಸೋರದಂತೆ ತಡೆಯುವುದು ಆ ಕಪ್ಪಿನ ಕೆಲಸ. ಅಚ್ಚಿನ ಜಾಲರಿಯಲ್ಲಿ ಒಂದು ಕಣ ಧೂಳು ಕೂತರೂ ಅಲ್ಲಿ ಬಣ್ಣ ಬೀಳದೆ ಸೂಜಿಮೊನೆಯಷ್ಟು ತೂತು ಉಳಿಯುತ್ತದೆ.

ಇಬ್ಬರೂ ಒಂದೇ ಕೋಣೆಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಅಣ್ಣ ತಮ್ಮನ ಹಾಳೆಯನ್ನು ಕಿಟಕಿಗೆ ಎತ್ತಿ ಹಿಡಿದು ಹೆಂಡತಿಯನ್ನು ಕೂಗುತ್ತಿದ್ದ: "ಬಾರೇ ಇಲ್ಲಿ, ಹಗಲಲ್ಲೇ ನಕ್ಷತ್ರ ತೋರಿಸ್ತೀನಿ!"

ಮಾತು ಗಿರಾಕಿಗಳ ಬಾಯಿಗೆ ಬಿತ್ತು. ತಮ್ಮನಿಗೆ 'ಚುಕ್ಕಿ' ಎಂದು ಹೆಸರಾಯಿತು. ಇನ್ನೊಂದು ಚಾಳಿಯಿತ್ತು ಅವನಿಗೆ: ಕಪ್ಪು ಒಣಗುವ ಮುಂಚೆಯೇ ಹಾಳೆಯನ್ನು ಕೆಳಗಿನ ಎಡಮೂಲೆಯಲ್ಲಿ ಹಿಡಿದು ಎತ್ತಿಬಿಡುವುದು.

"ಮತ್ತೆ ಹೆಬ್ಬೆಟ್ಟು ಒತ್ತಿದ್ಯಾ?" ಎನ್ನುತ್ತಿದ್ದ ಅಣ್ಣ. "ಸಹಿ ಮಾಡೋಕೆ ಬರಲ್ವೇನೋ?"

ತಮ್ಮ ಟೈರ್ ಅಂಗಡಿಯ ಮೇಲೆ ಬೇರೆ ಕೋಣೆ ಹಿಡಿದ. ಅವನ ಪ್ಯಾನೆಲ್ಲು ವಾರದೊಳಗೆ ಕೈಸೇರುತ್ತಿತ್ತು. ಅಣ್ಣನದಕ್ಕೆ ಜನ ವರ್ಷಗಟ್ಟಲೆ ಕಾಯುತ್ತಿದ್ದರು. ಕಾದದ್ದನ್ನೇ ಮೆಡಲಿನಂತೆ ತೋರಿಸಿಕೊಂಡು ಓಡಾಡುತ್ತಿದ್ದರು. ತಮ್ಮನ ಹೊಟ್ಟೆ ಉರಿಸುತ್ತಿದ್ದುದು ಅದೇ.

ಒಂದು ಬೆಳಿಗ್ಗೆ ಅಣ್ಣ ಏದುಸಿರು ಬಿಡುತ್ತ ಆ ಮೆಟ್ಟಿಲು ಹತ್ತಿ ಬಂದ.

"ನಿಂದೊಂದು ಪ್ಯಾನೆಲ್ ಕೊಡೋ."

"ಯಾಕೆ? ಬಂದೋರಿಗೆಲ್ಲ ತೋರಿಸಿ ನಗೋಕಾ?"

ಅಣ್ಣ ಸ್ಟೂಲಿನ ಮೇಲೆ ಕೂತು ಉಸಿರು ಹುಡುಕುತ್ತಿದ್ದ. ರಾಶಿಯ ಮೇಲಿದ್ದ ಪ್ಯಾನೆಲ್ಲೊಂದನ್ನು ತಮ್ಮ ತೆಗೆದು, ಪೇಪರಿನಲ್ಲಿ ಸುತ್ತಿ, ಮಡಿಲಿಗೆ ಹಾಕಿದ. ಅಂದಿನಿಂದ ತಮ್ಮನಿಗೆ ಯಾರೇ ನಕ್ಕರೂ ಆ ಹಾಳೆಯ ಮುಂದೆ ನಿಂತು ನಗುತ್ತಿದ್ದಾರೆ ಅನ್ನಿಸುತ್ತಿತ್ತು.

*

ಪ್ಯಾನೆಲ್ಲು ಕೈಗೆ ಬಂತು. ಎಲ್ಲರಿಗೂ ಬೆನ್ನು ಮಾಡಿ ಅದನ್ನು ಕಿಟಕಿಗೆ ಎತ್ತಿದ. ಕಿಂಡಿಗಳ ಸಾಲು ಬಿಟ್ಟರೆ ಬರೀ ಕಪ್ಪು. ಓರೆ ಮಾಡಿದ, ಹತ್ತಿರ ತಂದ, ಒಂದು ಕಣ್ಣು ಮುಚ್ಚಿದ. ಕಣ್ಣಲ್ಲಿ ನೀರು ಬಂತೇ ವಿನಾ ಬೆಳಕು ಬರಲಿಲ್ಲ.

"ಒಂದೇ ಒಂದು ಚುಕ್ಕಿ ಹುಡುಕು ನೋಡೋಣ!" ಎಂದ ಮೇಷ್ಟ್ರು ಥಟ್ಟನೆ ನಾಲಿಗೆ ಕಚ್ಚಿಕೊಂಡರು.

ಆಗ ಅವನ ಹೆಬ್ಬೆರಳು ಕೆಳಗಿನ ಎಡಮೂಲೆಯಲ್ಲಿ, ಇಷ್ಟು ದಿನ ಚೌಕಟ್ಟಿನಡಿ ಅಡಗಿದ್ದ ಒಂದು ತಗ್ಗಿಗೆ ಇಳಿಯಿತು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಬೆರಳು ಸರಿಸಿ ನೋಡಿದ. ಒಣಗಿದ ಕಪ್ಪಿನಲ್ಲಿ ಗೆರೆ ಗೆರೆ, ಅವನದೇ ಹೆಬ್ಬೆಟ್ಟು.

ಹಾಳೆಯನ್ನು ವಾಲಿಸಿ ಅದರ ಬೆನ್ನನ್ನು ಓರೆಬೆಳಕಿಗೆ ಹಿಡಿದ. ತನ್ನ ಮಂಕು ಕಪ್ಪಿನ ಮೇಲೆ ಎಲ್ಲೆಂದರಲ್ಲಿ ಹೊಳೆಯುವ ಕಪ್ಪಿನ ಹನಿಗಳು. ಸಾಸಿವೆಗಿಂತ ಸಣ್ಣವು. ಒಂದೊಂದು ತೂತಿಗೂ ಕುಂಚದಿಂದ ಒಂದೊಂದಾಗಿ ಇಟ್ಟವು.

"ಇದನ್ನ ಯಾವಾಗ ಕೂರಿಸಿದ?" ಅತ್ತಿಗೆಗಷ್ಟೇ ಕೇಳುವಂತೆ ಕೇಳಿದ.

"ಉಸಿರು ಸಾಲದೆ ಅಚ್ಚು ಎಳೆಯೋಕೆ ಆಗದೇ ಹೋಯ್ತಲ್ಲ, ಆಮೇಲೆ. ಇದನ್ನ ತೊಡೆ ಮೇಲಿಟ್ಕೊಂಡು ಕುಂಚ ಹಿಡ್ಕೊಂಡು ಕೂತಿರೋರು. ಊಟಕ್ಕೆ ಕರೆದ್ರೆ, 'ಈ ಅಕ್ಷರ ನೋಡೇ, ನನ್ನ ಕೈಲಿ ಒಂದಿನಾನೂ ಇಷ್ಟು ಚೂಪಾಗಿ ಬರಲಿಲ್ಲ' ಅನ್ನೋರು."

"ನನಗೆ ಯಾಕೆ ಹೇಳಲಿಲ್ಲ?"

"ಹೊಟ್ಟೆಕಿಚ್ಚು. ಅದು ನಿನಗೊಬ್ಬನಿಗೇ ಇರೋದು ಅಂದ್ಕೊಂಡಿದ್ಯಾ?"

ಹೊರಗೆ ಗಾಡಿ ಬಂದು ನಿಂತಿತು. ಮೇಷ್ಟ್ರು ಮ್ಯೂಸಿಯಂನವಳಿಗೆ ಅಕ್ಷರಗಳ ಬಗ್ಗೆ ಇನ್ನೂ ಹೇಳುತ್ತಲೇ ಇದ್ದರು. ನನ್ನವು ಅವು ಎನ್ನಲು ತಮ್ಮನಿಗೆ ಬಾಯಿವರೆಗೂ ಬಂತು. ಹೇಳಿದರೆ ಹಾಳೆಯ ಬೆನ್ನು ತೋರಿಸಬೇಕು. ತೋರಿಸಿದರೆ ಆ ಹನಿಗಳೂ ಕಾಣುತ್ತವೆ.

ಬಲ್ಬು ಬದಲಿಸಿದ. ಪ್ಯಾನೆಲ್ಲನ್ನು ಸ್ವಸ್ಥಾನಕ್ಕೆ ಎತ್ತುವ ಮೊದಲು, ಎರಡು ಸಾಲುಗಳ ನಡುವೆ, ಅಣ್ಣನ ಒಂದು ಹನಿಯನ್ನು ಉಗುರಿನಿಂದ ಕೆರೆದ. ಅದು ಹುರುಪೆಯಂತೆ ಎದ್ದು ಬಂತು. ತಿರುಪುಗಳನ್ನು ಬಿಗಿದು ಸ್ವಿಚ್ಚು ಒತ್ತಿದ.

ದೀಪಗಳು ಹತ್ತಿ, ಆರಿ, ಮತ್ತೆ ಹತ್ತಿದವು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಗ್ಗಿದರು.

"ಅಲ್ಲೇನೋ..." ಎಂದರು.

"ಎತ್ತೋಣವಾ?" ಎಂದ ತಮ್ಮ.

ಮುಚ್ಚಳ ಹಾಕಿ ನಾಲ್ವರು ಹೆಗಲು ಕೊಟ್ಟರು. ತಲೆಯ ಕಡೆ ಅವನಿದ್ದ. ಪೆಟ್ಟಿಗೆ ಯಂತ್ರದ ಮುಂದೆ ಹಾದು ಹೋಗುವಾಗ ಪೆಟ್ಟಿಗೆಯ ಪಾಲಿಶ್ ಮಾಡಿದ ಪಕ್ಕದ ಮೇಲೆ ದೀಪದ ಸಾಲುಗಳು ಮೆಲ್ಲಗೆ ಸರಿದವು. ಅವುಗಳ ನಡುವೆ, ಯಾವ ಸಾಲಿಗೂ ಸೇರದ ಒಂದು ಚುಕ್ಕಿ, ಬಾಗಿಲವರೆಗೂ.