ಮೌನೇಶನ ಚಾಕು ನಿಂಬೆವ್ವನದಾದ ಬಗೆ

ನಾನೊಂದು ಮಡಚುವ ಚಾಕು. ನಗಬೇಡಿ. ಈಗ ನನ್ನ ಅಲಗು ಸವೆದು ಬೇವಿನ ಎಲೆಯಷ್ಟಾಗಿದೆ, ಹಿಡಿಯ ಒಂದು ಮೊಳೆ ಅಲುಗಾಡುತ್ತದೆ, ಎಲ್ಲ ನಿಜ. ಆದರೆ ಒಂದು ಕಾಲದಲ್ಲಿ ನಾನು ಬಾಯಿ ತೆರೆದರೆ ನೋಡುತ್ತಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಹುಟ್ಟುತ್ತಲೇ ಬೆಚ್ಚಿಬಿದ್ದ ಜಾತಿ ನನ್ನದು. ಲಕ್ಷ್ಮೇಶ್ವರದ ಕಾಳಪ್ಪ ಬಡಿಗೇರನ ಕುಲುಮೆಯಲ್ಲಿ, ಮುರಿದುಬಿದ್ದ ಲಾರಿಯೊಂದರ ಕಮಾನುಪಟ್ಟಿಯಿಂದ ನನ್ನನ್ನು ಮಾಡಿದರು. ಬೆಂಕಿಯಲ್ಲಿ ಕೆಂಪಗೆ ಕಾದು ಹಾಯಾಗಿ ಮಲಗಿದ್ದೆ. ಮುದುಕ ಒಂದು ಮಾತು ಹೇಳದೆ ಕೇಳದೆ ಇಕ್ಕಳದಿಂದ ಎತ್ತಿ ಚುರ್ ಎಂದು ನೀರಿಗೆ ಅದ್ದಿದ. ಅಯ್ಯಯ್ಯೋ! ಆ ಗಾಬರಿ ಇವತ್ತಿಗೂ ಪೂರ್ತಿ ಇಳಿದಿಲ್ಲ. ಆಮೇಲೆ ಜಾಲಿಕಟ್ಟಿಗೆಯ ಹಿಡಿ ಹಾಕಿ, ಎರಡು ಹಿತ್ತಾಳೆ ಮೊಳೆ ಹೊಡೆದು, ಹೆಬ್ಬೆರಳಿನಿಂದ ತಳ್ಳಿದರೆ ಸಾಕು ಬಿಚ್ಚಿಕೊಳ್ಳುವಂತೆ ನನ್ನನ್ನು ಪಳಗಿಸಿದ.

ಕಾಳಪ್ಪನ ಮಗ ಮೌನೇಶ ಕುಲುಮೆಗೆ ಕೂರಲಿಲ್ಲ. ಹಿಟ್ಟಿನ ಗಿರಣಿಗಳನ್ನು ರಿಪೇರಿ ಮಾಡುವ ಫಿಟ್ಟರ್ ಆದ. ಮುದುಕನಿಗೆ ಒಳಗೊಳಗೇ ನೋವಿತ್ತು. ಆದರೂ ಮಗ ಮೊದಲ ದಿನ ಕೆಲಸಕ್ಕೆ ಹೊರಟಾಗ ನನ್ನನ್ನು ಕಟ್ಟೆಯ ಮೇಲಿಟ್ಟು, "ತಗೋ. ಚಾಕು ಇಲ್ಲದ ಫಿಟ್ಟರು ಹಲ್ಲಿಲ್ಲದ ಮುದುಕ ಇದ್ದಂಗ" ಅಂದ. ಮೌನೇಶ ನನ್ನನ್ನು ಎತ್ತಿ ಪೈಜಾಮದ ಕಿಸೆಗೆ ಹಾಕಿಕೊಂಡ. ಮೂವತ್ತೊಂದು ವರ್ಷ ಆ ಕಿಸೆಯೇ ನನ್ನ ಮನೆ. ಪೈಜಾಮ ಹರಿದು ಹೊಸದು ಬಂದರೂ ಕಿಸೆ ಮಾತ್ರ ಬಲಗಡೆಯದೇ.

ಏನು ಮಾಡಲಿಲ್ಲ ನಾನು? ಬೆಲ್ಟು ಕತ್ತರಿಸಿದೆ, ವೈರು ಸುಲಿದೆ, ಚೀಲದ ಸುತಳಿ ಕೊಯ್ದೆ, ಬೀಸುವ ಕಲ್ಲಿನ ಸಂದಿಯಲ್ಲಿ ಗಟ್ಟಿಯಾಗಿ ಕೂತ ಹಿಟ್ಟನ್ನು ಕೆರೆದು ತೆಗೆದೆ. ಮಧ್ಯಾಹ್ನ ಬುತ್ತಿ ಬಿಚ್ಚಿದೊಡನೆ ಆಸಾಮಿ ನನ್ನನ್ನು ಅದೇ ಪೈಜಾಮಕ್ಕೆ ಎರಡು ಸಲ ಒರೆಸಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಗ್ರೀಸು ಮೆತ್ತಿದ ಮೈಗೆ ಉಳ್ಳಾಗಡ್ಡಿಯ ರಸ! ನನಗೆ ನಾಚಿಕೆಯಿಂದ ತುಕ್ಕು ಹಿಡಿಯಬೇಕಿತ್ತು. ಅವನು ಮಾತ್ರ ಕಟಕಟನೆ ರೊಟ್ಟಿ ಮುರಿದು ಉಂಡು ಏಳುತ್ತಿದ್ದ. ಒಮ್ಮೆ ಕರೆಂಟು ಹೋಗಿದೆ ಎಂದುಕೊಂಡು ವೈರಿಗೆ ನನ್ನನ್ನು ಹಚ್ಚಿದ. ಹೋಗಿರಲಿಲ್ಲ. ಫಟ್ ಎಂದು ನೀಲಿ ಬೆಂಕಿ ಹಾರಿತು. ಅವನು ಒಂದು ಕಡೆ, ನಾನು ಒಂದು ಕಡೆ. ನನ್ನ ಅಲಗಿನ ಮೇಲಿರುವ ಕಾಳಿನಷ್ಟು ಕಚ್ಚು ಆ ದಿನದ್ದು.

ನಡುವೆ ಸವತಿಯೂ ಬಂದಳು. ಪುಣೆಯಲ್ಲಿರುವ ಅಳಿಯ ಮಾವನಿಗೆಂದು ಒಂದು ಹೊಸ ಹತಾರ ತಂದುಕೊಟ್ಟ. ಒಂದರಲ್ಲೇ ಹನ್ನೊಂದು! ಇಕ್ಕಳ, ಗರಗಸ, ಸ್ಕ್ರೂಡ್ರೈವರ್, ಕತ್ತರಿ, ಡಬ್ಬಿ ಕೊರೆಯುವ ಮೂತಿ, ಇನ್ನೂ ಏನೇನೋ. ಸೊಂಟದ ಪಟ್ಟಿಗೆ ಸಿಕ್ಕಿಸುವ ಚರ್ಮದ ಚೀಲ ಬೇರೆ. ಮೌನೇಶ ಅದನ್ನು ಕಂಡಕಂಡವರಿಗೆಲ್ಲ ಬಿಚ್ಚಿ ತೋರಿಸಿದ್ದೇ ತೋರಿಸಿದ್ದು. ನಾನು ಎರಡು ತಿಂಗಳು ಮೊಳೆಗಳ ಡಬ್ಬಿಯಲ್ಲಿ ಬಿದ್ದಿದ್ದೆ. ಒಂದು ದಿನ ಎಣ್ಣೆ ಮೆತ್ತಿದ ಕೈಯಿಂದ ಅದರ ಚಾಕು ಬಿಚ್ಚಲು ಹೋದ. ಉಗುರು ಜಾರಿತು. ಹಲ್ಲಿನಿಂದ ಎಳೆದ. ಬರಲಿಲ್ಲ. ಕೊನೆಗೆ ಗರಗಸ ಬಿಚ್ಚಿಕೊಂಡು ತುಟಿಗೆ ತಾಗಿತು. "ಹನ್ನೊಂದು ಮಂದಿ ಅದಾರ, ಕೆಲಸಕ್ಕ ಒಬ್ಬನೂ ಬರಾಂಗಿಲ್ಲ" ಎಂದು ಬೈದು ಮನೆಗೆ ಬಂದು ನನ್ನನ್ನೇ ಎತ್ತಿಕೊಂಡ. ನಾನು ಹಿಗ್ಗಲಿಲ್ಲ ಎಂದರೆ ಸುಳ್ಳಾದೀತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಆ ಕೈಯನ್ನು ನಾನು ಅಷ್ಟು ಬಲ್ಲೆ. ಮೌನೇಶನ ಕೈ ಎಂದೂ ಹಿಂದೆ ಸರಿದದ್ದಲ್ಲ. ಅದಕ್ಕೇ ಆ ಮಂಗಳವಾರ ನನಗೆ ಅಷ್ಟು ಧಸಕ್ಕೆಂದಿತು.

ಸಂತೆಪೇಟೆಯಲ್ಲಿ ಚನ್ನವೀರಪ್ಪನ ಗಿರಣಿಯಿದೆ. ಚನ್ನವೀರಪ್ಪ ದೊಡ್ಡ ಮೈಯ, ಸಣ್ಣ ಎದೆಯ ಮನುಷ್ಯ. ತಕ್ಕಡಿ ಮತ್ತು ಸ್ವಿಚ್ಚು ಅವನವು. ಕಾಳು ಸುರಿಯುವುದು, ಹಿಟ್ಟು ಹಿಡಿಯುವುದು, ದಿನವಿಡೀ ಯಂತ್ರದ ಬಾಯಿಗೆ ನಿಲ್ಲುವುದು ಅವನ ಹೆಂಡತಿ ನಿಂಬೆವ್ವನ ಕೆಲಸ. ಆ ವರ್ಷ ಯಾವನೋ ಜ್ಯೋತಿಷಿ ಚನ್ನವೀರಪ್ಪನ ಕೈ ನೋಡಿ, ಐವತ್ತೆರಡನೆಯ ವರ್ಷಕ್ಕೆ ಪ್ರಾಣಕಂಟಕ, ದಾಟಿದರೆ ನೂರು ವರ್ಷ ಎಂದುಬಿಟ್ಟಿದ್ದ. ಅಂದಿನಿಂದ ಅವನು ಎದ್ದರೂ ಎದೆ ಮುಟ್ಟಿಕೊಳ್ಳುವನು, ಕೂತರೂ ಎದೆ ಮುಟ್ಟಿಕೊಳ್ಳುವನು. ನಿಂಬೆವ್ವ ಸೋಮವಾರ, ಶುಕ್ರವಾರ ಎರಡೂ ಉಪವಾಸ ಹಿಡಿದಳು.

ಆ ಮಂಗಳವಾರಕ್ಕೆ ಒಂದು ತಿಂಗಳ ಹಿಂದೆ ನಾವು ಹೋದಾಗ ಅವಳೇ ತಾಳಿಯನ್ನು ಸೆರಗಿನಿಂದ ಹೊರತೆಗೆದು ತೋರಿಸಿದ್ದಳು.

"ನೋಡ್ರಿ ಅಣ್ಣಾರ, ಹತ್ತಿ ದಾರ ತಗಸಿ ನೈಲಾನಿನ್ಯಾಗ ಪೋಣಿಸ್ಕೊಂಡೇನಿ. ಆನಿ ಜಗ್ಗಿದ್ರೂ ಹರಿಯೂದಿಲ್ಲಂತ."

"ಚಲೋ ಮಾಡಿದಿ ತಂಗಿ" ಅಂದ ಮೌನೇಶ.

ಚಲೋ ಮಾಡಿದಿ! ದಿನವಿಡೀ ತಿರುಗುವ ಬೆಲ್ಟಿನ ಮುಂದೆ ಬಗ್ಗುವ ಹೆಂಗಸಿನ ಕೊರಳಲ್ಲಿ, ಆನೆ ಜಗ್ಗಿದರೂ ಹರಿಯದ ದಾರ. ಮೂವತ್ತೊಂದು ವರ್ಷದ ಫಿಟ್ಟರಿಗೆ ಅದು ಹೊಳೆಯಲಿಲ್ಲ. ಅವನ ಕಿಸೆಯಲ್ಲಿದ್ದ ನನಗಾದರೂ ಹೊಳೆಯಿತೇ? ಗಂಡನ ಆಯುಷ್ಯ ಗಟ್ಟಿಯಾಗಲಿ ಎಂದು ಎಲ್ಲರೂ ಸೇರಿ ಒಂದು ಗಟ್ಟಿ ದಾರವನ್ನು ಹೊಗಳಿದೆವು.

ಆ ಮಂಗಳವಾರ ಬೆಲ್ಟು ಜಾರುತ್ತಿದೆ ಎಂದು ಕರೆ ಬಂತು. ಮೌನೇಶ ಬೆಲ್ಟಿಗೆ ಕೈ, ಬಟ್ಟೆ ಸಿಗದಂತೆ ಹಾಕಿದ್ದ ಕಬ್ಬಿಣದ ಜಾಳಿಗೆಯನ್ನು ಬಿಚ್ಚಿ ಗೋಡೆಗೆ ಒರಗಿಸಿದ. ಬೆಲ್ಟು ಬಿಗಿ ಮಾಡಿದ. ಜಾಳಿಗೆಯನ್ನು ಮತ್ತೆ ಹಾಕುವ ಮೊದಲು ಒಮ್ಮೆ ತಿರುಗಿಸಿ ನೋಡುವುದು ಅವನ ರೂಢಿ. "ಹಾಂ, ಚಾಲೂ ಮಾಡ್ರಿ" ಅಂದ. ಚನ್ನವೀರಪ್ಪ ಸ್ವಿಚ್ಚು ಒತ್ತಿದ. ಗಿರಣಿ ಗುಂಯ್ ಎಂದು ಎದ್ದಿತು. ಬೆಲ್ಟು ಸುತ್ತುವ ಚಕ್ರದ ಹತ್ತಿರ ಒಂದಿಷ್ಟು ಜೋಳ ಚೆಲ್ಲಿತ್ತು. ಗಿರಾಕಿಯ ಕಾಳು ತುಳಿದಾಡಬಾರದು ಎಂದು ನಿಂಬೆವ್ವ ಬಗ್ಗಿ ಬಳಿಯತೊಡಗಿದಳು. ತಾಳಿ ಮುಂದಕ್ಕೆ ಜೋತುಬಿತ್ತು. ಅಷ್ಟೇ. ಬೆಲ್ಟು ಅದನ್ನು ಬಾಯಿಗೆ ಹಾಕಿಕೊಂಡಿತು.

"ಬಂದ್ ಮಾಡ್ರೀ! ಬಂದ್!" ಮೌನೇಶ ಚೀರಿದ.

ಚನ್ನವೀರಪ್ಪ ಬಂದ್ ಮಾಡಿದ. ಅಷ್ಟರ ಮಟ್ಟಿಗೆ ಅವನು ತಡಮಾಡಲಿಲ್ಲ, ಸುಳ್ಳು ಹೇಳಬಾರದು. ಚಕ್ರ ನಿಂತಿತು. ಆದರೆ ದಾರ ಚಕ್ರದ ಅಡ್ಡಗಂಬಿಗೆ ಸುತ್ತಿಕೊಂಡು ನಿಂಬೆವ್ವನ ಕೊರಳನ್ನು ಕಬ್ಬಿಣಕ್ಕೆ ಒತ್ತಿ ಹಿಡಿದಿತ್ತು. ಹತ್ತಿ ದಾರವಾಗಿದ್ದರೆ ಎಂದೋ ಹರಿದು ಬೀಳುತ್ತಿತ್ತು. ಮೌನೇಶ ಚಕ್ರವನ್ನು ಹಿಂದಕ್ಕೆ ತಿರುಗಿಸಲು ಜಗ್ಗಿದ. ಕರಿಮಣಿಗಳು ಬೆಲ್ಟಿನಡಿ ಸಿಕ್ಕಿಕೊಂಡು ಚಕ್ರ ಕದಲಲಿಲ್ಲ. ಅವಳ ಬಾಯಿಂದ ಗೊರಗೊರ ಸದ್ದು ಬರುತ್ತಿತ್ತು, ಮುಖ ಕಪ್ಪಿಡುತ್ತಿತ್ತು. ಮೌನೇಶ ಬಲಗಡೆಯ ಕಿಸೆಗೆ ಕೈ ಹಾಕಿದ. ನಾನು ಬಿಚ್ಚಿಕೊಂಡೆ. ದಾರಕ್ಕೂ ನನಗೂ ನಡುವೆ ಒಂದು ಗೇಣು.

"ಕೊಯ್ಬ್ಯಾಡ್ರಿ!"

ಚನ್ನವೀರಪ್ಪ ಓಡಿಬಂದು ಮೌನೇಶನ ರಟ್ಟೆ ಹಿಡಿದಿದ್ದ.

"ತಾಳಿಗೆ ಚಾಕು ಹಚ್ಚಬ್ಯಾಡ್ರಿ ಮೌನೇಶಣ್ಣ! ನಾನಿನ್ನೂ ಬದುಕೇನಿ! ನಾನಿನ್ನೂ ಬದುಕೇನಲ್ರೀ!"

ನಾನು ಬೆಂಕಿ ಕಂಡಿದ್ದೇನೆ, ಕರೆಂಟು ಕಂಡಿದ್ದೇನೆ. ಇಂಥ ಮಾತು ಕೇಳಿರಲಿಲ್ಲ. ಅದಕ್ಕಿಂತ ಹೆಚ್ಚು ದಿಗಿಲಾದದ್ದು ಇನ್ನೊಂದಕ್ಕೆ. ಚನ್ನವೀರಪ್ಪನ ಹಿಡಿತ ಏನು ಮಹಾ? ಕುಲುಮೆಯ ಮಗ ಮೌನೇಶ ಒಮ್ಮೆ ಕೊಡವಿದ್ದರೆ ಅವನು ಹಿಟ್ಟಿನ ಚೀಲದಂತೆ ಆಚೆ ಬೀಳುತ್ತಿದ್ದ. ಮೌನೇಶ ಕೊಡವಲಿಲ್ಲ. ಅವನ ಕೈ ನಿಂತುಬಿಟ್ಟಿತು. ಮುತ್ತೈದೆಯ ತಾಳಿ, ಗಂಡ ಎದುರಿಗೇ ನಿಂತಿದ್ದಾನೆ, ಕೊಯ್ದರೆ ಆ ಪಾಪ ಯಾರಿಗೆ? ಇದೆಲ್ಲ ಅವನ ಬೆರಳುಗಳಿಂದಲೇ ನನಗೆ ತಿಳಿಯುತ್ತಿತ್ತು. ದೂಡೋ ಮಾರಾಯಾ, ಒಂದು ಗೇಣು ದೂಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ನಾನು ಒಳಗೇ ಒರಲಿದೆ. ಚಾಕು ತಾನಾಗಿ ನಡೆಯಲಾರದು. ಚಾಕುವಾಗಿ ಹುಟ್ಟಿದ್ದಕ್ಕೆ ಅವತ್ತು ಮೊದಲ ಸಲ ಅತ್ತೆ.

ಆಗ ಒಂದು ಕೈ ಬಂತು. ಬಳೆಗಳಿದ್ದ ಕೈ, ಮುಂಗೈವರೆಗೂ ಹಿಟ್ಟು. ಕಣ್ಣು ಕಾಣದವರ ಹಾಗೆ ಗಾಳಿಯಲ್ಲಿ ತಡಕಿ, ಮೌನೇಶನ ಬೆರಳು ಮುಟ್ಟಿ, ನನ್ನನ್ನು ಅಲಗಿನ ಕಡೆಯಿಂದಲೇ ಹಿಡಿದು ಕಿತ್ತುಕೊಂಡಿತು. ಅವಳ ಅಂಗೈ ಕೊಯ್ದುಹೋಯಿತು. ರಕ್ತ ಬಿಸಿಯಾಗಿತ್ತು. ನಿಂಬೆವ್ವ ನನ್ನ ಬೆನ್ನನ್ನು ತನ್ನ ಗಂಟಲಿಗೆ ಒತ್ತಿ, ಬಾಯನ್ನು ದಾರಕ್ಕೆ ತಿರುಗಿಸಿ ಎಳೆದಳು. ಜಾರಿದೆ. ಮತ್ತೆ ಎಳೆದಳು, ಮತ್ತೆ ಜಾರಿದೆ. ಮೂರನೆಯ ಸಲ ಟಪ್ ಎಂದಿತು. ಕರಿಮಣಿಗಳು ಸಿಡಿದು ನೆಲದ ತುಂಬ ಚೆಲ್ಲಿದವು. ಅವಳು ಹಿಂದಕ್ಕೆ ಬಿದ್ದು ಉಸಿರೆಳೆದ ಸದ್ದು ಇಡೀ ಗಿರಣಿಗೆ ಕೇಳಿಸಿತು.

ಬದುಕಿದಳಲ್ಲ, ಇನ್ನು ಬೆಚ್ಚಿಬೀಳುವುದು ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿದೀತು? ಹಿಟ್ಟಿಗೆ ಬಂದಿದ್ದ ಹೆಂಗಸರು ಬಾಗಿಲಲ್ಲಿ ಗುಂಪಾದರು. "ತಾಳಿ ಹರೀತಲ್ಲೇ ಯವ್ವಾ" ಎಂದು ಒಬ್ಬಳು. "ಹರೀತು ಅಂದ್ರ ಅಪಶಕುನ, ಹೆಚ್ಚಾತು ಅನಬೇಕು" ಎಂದು ಇನ್ನೊಬ್ಬಳು ತಿದ್ದಿದಳು. ಕೆಳಗೆ ಬಿದ್ದವಳು ಕೆಮ್ಮುತ್ತಿದ್ದಾಳೆ, ಇವರು ಮಾತು ತಿದ್ದುತ್ತಿದ್ದಾರೆ! ಚನ್ನವೀರಪ್ಪ ಮಂಡಿಯೂರಿ ಒಂದು ಕೈಯಲ್ಲಿ ಕರಿಮಣಿ ಆರಿಸುತ್ತಿದ್ದ. ಇನ್ನೊಂದು ಕೈ ತನ್ನ ಎದೆಯ ಮೇಲಿತ್ತು. ಬಡಿಯುತ್ತಿದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದ.

ಗಿರಣಿಯ ಹಿಂದಿನ ಮನೆಯಿಂದ ಅವನ ತಾಯಿ ಫಕೀರವ್ವ ಬಂದಳು. ಗಂಡ ಸತ್ತು ಇಪ್ಪತ್ತು ವರ್ಷವಾದ ಮುದುಕಿ. ಸೊಸೆಗೆ ಇನ್ನು ಉಳಿಗಾಲವಿಲ್ಲ ಎಂದು ನಾನು ಮುದುಡಿಕೊಂಡೆ.

"ಯವ್ವಾ, ತಾಳಿ ಕೊಯ್ಕೊಂಡಾಳ ನೋಡು" ಎಂದು ಮಗ ಅತ್ತ. "ನನಗ ಏನರ ಆದ್ರ?"

ಫಕೀರವ್ವ ಸೊಸೆಯ ಕೊರಳು ನೋಡಿದಳು. ದಾರ ಕೂತ ಜಾಗದಲ್ಲಿ ಸುತ್ತಲೂ ರಕ್ತ ಒಸರುತ್ತಿತ್ತು. ಆಮೇಲೆ ಮಗನ ಕಡೆ ತಿರುಗಿದಳು.

"ನಿಮ್ಮಪ್ಪ ಸತ್ತ ದಿನ ನನ್ನ ತಾಳಿ ಗಟ್ಟಿ ಇತ್ತೋ ಖೋಡಿ. ಯಾರೂ ಕೊಯ್ದಿರಲಿಲ್ಲ. ಉಳದನೇನು ಅವಾ?"

ಎದೆಯ ಮೇಲಿದ್ದ ಅವನ ಕೈಯನ್ನು ಎಳೆದು ಕೆಳಗಿಳಿಸಿದಳು.

"ಏಳು. ನೀರು ತಾ ಅಕೀಗೆ. ಆ ಗಾಯ ಮಾಯೂತನಕ ಅಕೀ ಕೊಳ್ಳಾಗ ಯಾರೂ ಏನೂ ಕಟ್ಟಬ್ಯಾಡ್ರಿ. ಕಟ್ಟಿದವರ ಕೈ ಮುರೀತೇನಿ."

ಮೌನೇಶ ಇಷ್ಟು ಹೊತ್ತೂ ಗೋಡೆಗೆ ಒರಗಿ ನಿಂತೇ ಇದ್ದ. ಎಲ್ಲರೂ ಹೋದ ಮೇಲೆ ಜಾಳಿಗೆಯನ್ನು ಹಾಕಿ, ಬೋಲ್ಟು ಬಿಗಿದು, ಚೀಲ ಎತ್ತಿಕೊಂಡ. ನಾನು ಹಿಟ್ಟಿನಲ್ಲಿ ಬಿದ್ದಿದ್ದೆ. ನನ್ನನ್ನು ನೋಡಿದ, ಎತ್ತಿಕೊಳ್ಳಲಿಲ್ಲ. ಮೂವತ್ತೊಂದು ವರ್ಷದ ಒಡೆಯ ಖಾಲಿ ಕಿಸೆಯಲ್ಲಿ ಹೊರಟುಹೋದದ್ದನ್ನು ನೋಡುತ್ತ ನಾನು ಬಿದ್ದಿದ್ದೆ.

ಮೂರು ತಿಂಗಳ ಮೇಲೆ ಬೇರೆ ರಿಪೇರಿಗೆ ಬಂದ. ನಿಂಬೆವ್ವನಿಗೆ ಅಂದು ಹೋಗಿದ್ದ ದನಿ ಆಗಷ್ಟೇ ಮರಳಿತ್ತು. ಗೋಡೆಯ ಗೂಡಿನಲ್ಲಿದ್ದ ನನ್ನನ್ನು ತೆಗೆದು, "ಅಣ್ಣಾರ, ನಿಮ್ಮ ಚಾಕು ತಗೋರಿ" ಅಂದಳು.

"ನಂದಲ್ಲ ತಂಗಿ ಅದು. ಜಾಳಿಗಿ ಬಿಚ್ಚಿದಾಂವ ನಾನು. ಚಾಕು ಹಿಡಕೊಂಡು ನಿಂತಾಂವನೂ ನಾನು. ಕೊಯ್ದಾಕಿ ನೀನು." ಅವನ ಕಣ್ಣು ತುಂಬಿತ್ತು. "ಯಾವ ಮುಖ ಇಟಗೊಂಡು ಒಯ್ಯಲಿ?"

ಅವಳು ಒತ್ತಾಯ ಮಾಡಲಿಲ್ಲ. ಚಹಾ ಕೊಟ್ಟಳು. ಅವನು ಕುಡಿದ.

ಗಂಡನ ಜೊತೆ ಮಾತ್ರ ಅವಳು ಮಾತಾಡಲಿಲ್ಲ. ದನಿ ಬಂದ ಮೇಲೂ ಮಾತಾಡಲಿಲ್ಲ. ಬರಿಗೊರಳಲ್ಲಿ ಗಿರಣಿಗೆ ನಿಂತಳು, ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ಚನ್ನವೀರಪ್ಪ ಐವತ್ತೆರಡು ಮುಗಿಸಿದ. ಒಂದು ನೆಗಡಿಯೂ ಬರಲಿಲ್ಲ. ಐವತ್ತಮೂರು ತುಂಬಿದ ಬೆಳಿಗ್ಗೆ ಅವನು ಆ ಕರಿಮಣಿಗಳನ್ನೇ ಬರಿಯ ಹತ್ತಿ ದಾರದಲ್ಲಿ ಪೋಣಿಸಿಕೊಂಡು ಬಂದು ಅವಳ ಮುಂದೆ ಹಿಡಿದ. "ತಪ್ಪಾತು. ನಾ ಸಾಯ್ತೇನಂತ ಅಂಜಿದ್ನಿ. ಎದುರಿಗೆ ನೀ ಸಾಯಾಕತ್ತಿದ್ದು ಕಾಣಲಿಲ್ಲ ನನಗ" ಅಂದ. ಅವಳು ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಹತ್ತಿಯೇ. ಕಟ್ಟಿಸಿಕೊಂಡಳು. ಅವನು ಗೊಳೋ ಎಂದು ಅತ್ತ.

ಅದಾಗಿ ಒಂಬತ್ತು ವರ್ಷ. ಈಗ ನಾನು ಗಿರಣಿಯ ಗೂಡಿನಲ್ಲಿದ್ದೇನೆ. ಚೀಲದ ಸುತಳಿ ಕೊಯ್ಯುವುದೊಂದೇ ಕೆಲಸ. ಮೌನೇಶ ದುಡಿಮೆ ಬಿಟ್ಟು ಮನೆಯಲ್ಲಿದ್ದಾನಂತೆ. ಅವನ ಬಲಗಿಸೆ ಒಮ್ಮೊಮ್ಮೆ ನೆನಪಾಗುತ್ತದೆ. ಆ ಕೈ ನಿಂತದ್ದೂ ನೆನಪಾಗುತ್ತದೆ, ಆಗ ಈಗಲೂ ಮೈ ಜುಮ್ಮೆನ್ನುತ್ತದೆ. ಒಳ್ಳೆಯವನ ಕೈಯೇ ಹಾಗೆ ನಿಂತೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮೊನ್ನೆ ಹೊಸ ಗಿರಾಕಿಯೊಬ್ಬಳು ಮೂಗಿನ ಮೇಲೆ ಬೆರಳಿಟ್ಟು, "ಗಂಡ ಎದುರಿಗೆ ಇರಬೇಕಾದ್ರ ತಾಳಿ ತಗದು ಗೂಡಿನ್ಯಾಗ ಇಡ್ತಾರೇನ್ರೀ?" ಎಂದು ಕೇಳಿದಳು. ಚನ್ನವೀರಪ್ಪ ತಕ್ಕಡಿಯಿಂದ ತಲೆಯೆತ್ತದೆ, "ಗಿರಣಿಗೆ ಗಂಡ ಹೆಂಡ್ತಿ ಗೊತ್ತಿಲ್ಲವ್ವಾ" ಅಂದ.

ದಿನಾ ಬೆಳಿಗ್ಗೆ ಅವನು ಸ್ವಿಚ್ಚಿನ ಹತ್ತಿರ ಹೋಗುತ್ತಾನೆ. ಒತ್ತುವುದಿಲ್ಲ. ಹೆಂಡತಿಯ ಕಡೆ ತಿರುಗಿ, "ತಗದಿಟ್ಟೀ?" ಎಂದು ಕೇಳುತ್ತಾನೆ. ನಿಂಬೆವ್ವ ಕೊರಳಿನಿಂದ ತಾಳಿ ತೆಗೆದು ನನ್ನ ಪಕ್ಕದಲ್ಲಿ ಇಡುತ್ತಾಳೆ. "ಹೂಂ, ಇಟ್ನಿ" ಅನ್ನುತ್ತಾಳೆ. ಆಮೇಲೆಯೇ ಗಿರಣಿ ಶುರುವಾಗುತ್ತದೆ.