ಜಾಕೆಟ್ಟಿನ ಒಳಮೈ

"ಪಟ್ಟಿ ಹೊರಗೆ ಮಾಡೇ ಮುಂಡೇದೆ, ಹೊರಗೆ! ಕಣ್ಣು ಎಲ್ಲಿಟ್ಟಿದ್ದೀಯ? ಸಾಹೇಬ್ರು ಬರೋ ಹೊತ್ತಾಯ್ತು!"

ಮೇಸ್ತ್ರಿ ಕಿರುಚಿದ್ದು ನನಗೆ. ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡೇ ಜಾಕೆಟ್ ಬಿಚ್ಚಿ ತಿರುಗಿಸಿದೆ. ಡಾಂಬರು ಬೀಳುವ ಮುಂಚೆ ರಸ್ತೆಯ ದೂಳು ಗುಡಿಸುವುದು ಹನ್ನೊಂದು ವರ್ಷದಿಂದ ನನ್ನ ಕೆಲಸ. ಹಾಗಾಗಿ ಇಲ್ಲಿ ಎಲ್ಲರ ಬಾಯಲ್ಲೂ ನಾನು 'ಪೊರಕೆ'. ಯಾವ ಹೆದ್ದಾರಿಯ ಮೇಲೂ ಮೊದಲು ಹಾಯುವುದು ನಾನೇ. ಆದರೆ ಉದ್ಘಾಟನೆಯ ದಿನ ನನ್ನ ಕೈಗೆ ಯಾರೂ ಕತ್ತರಿ ಕೊಟ್ಟಿಲ್ಲ.

ಹೊಳೆಯುವ ಪಟ್ಟಿಯ ಈ ಕಿತ್ತಳೆ ಜಾಕೆಟ್ ಬಂದು ಆರು ತಿಂಗಳಾಯಿತು. ಬಂದ ದಿನ ಇದೇ ಮೇಸ್ತ್ರಿ, ಇದೇ ಬಾಯಲ್ಲಿ ಹೇಳಿದ್ದ: "ಪಟ್ಟಿ ಒಳಗೆ ಹೋಗ್ಲಿ. ಡಾಂಬರು ಮೆತ್ತಿಸಿಕೊಂಡ್ರೆ ನಿಮ್ಮಪ್ಪ ತಂದ್ಕೊಡ್ತಾನಾ? ತಪಾಸಣೆಗೆ ಬಂದಾಗ ಹೊಸದಾಗೇ ಕಾಣ್ಬೇಕು." ಸರಿ ಎಂದು ನಾವು ಇಪ್ಪತ್ತಮೂರು ಜನ ಒಳಮೈ ಹೊರಗೆ ಮಾಡಿಕೊಂಡು ದುಡಿದೆವು. ದೂರದಲ್ಲಿ ಸಾಹೇಬರ ಜೀಪು ಕಂಡರೆ ಕೆಲಸ ಬಿಟ್ಟು ತಿರುಗಿಸಿಕೊಳ್ಳುವುದು, ಜೀಪು ಮರೆಯಾದರೆ ಮತ್ತೆ ತಿರುಗಿಸಿಕೊಳ್ಳುವುದು. ಅದು ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ಮೊಮ್ಮಗುವಿಗೆ ಅಂಗಿ ಹಾಕುವಾಗಲೂ ಒಂದು ದಿನ ಉಲ್ಟಾ ಹಾಕಿ ಸೊಸೆಯಿಂದ ಬೈಸಿಕೊಂಡಿದ್ದೆ.

ನನ್ನ ಓರಗಿತ್ತಿ ತಿರುವಿನಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲುತ್ತಿದ್ದಳು. ಅವಳ ಗಂಡ, ಅಂದರೆ ನನ್ನ ಮೈದುನ, ಇಲ್ಲೇ ರೋಲರ್ ಓಡಿಸುತ್ತಾನೆ. ಹೋದ ತಿಂಗಳು ಒಂದು ಮುಸ್ಸಂಜೆ ಲಾರಿಯವನಿಗೆ ಅವಳು ಕಾಣಲಿಲ್ಲ. ಅವನು ಇಳಿದು ತಲೆ ಚಚ್ಚಿಕೊಂಡು ಅತ್ತ. "ಕಾಣಿಸ್ಲಿಲ್ಲ ಅಕ್ಕಾ, ನನ್ನ ಮಕ್ಕಳಾಣೆ ಕಾಣಿಸ್ಲಿಲ್ಲ" ಅಂದ. ಅವನು ಸುಳ್ಳು ಹೇಳಲಿಲ್ಲ. ಆಸ್ಪತ್ರೆಯಲ್ಲಿ ಅವಳ ಜಾಕೆಟ್ ಬಿಚ್ಚಿದವಳು ನಾನೇ. ಮೇಲೆಲ್ಲ ರಕ್ತ, ಡಾಂಬರು. ಒಳಗಿನ ಪಟ್ಟಿ ಮಾತ್ರ ಮೇಸ್ತ್ರಿ ಹೇಳಿದ ಹಾಗೇ ಹೊಸದಾಗಿತ್ತು.

ಆಮೇಲೆ ಅಪಘಾತದ ವರದಿ ಅಂತ ಒಂದು ಕಾಗದ ಬಂತು. ಮೈದುನನಿಗೂ ನನಗೂ ಓದು ಬರುವುದಿಲ್ಲ. ಅವಳ ಮಗಳೇ ಓದಿದಳು. ಏಳನೇ ಕ್ಲಾಸಿನ ಹುಡುಗಿ ಮಧ್ಯದಲ್ಲಿ ನಿಲ್ಲಿಸಿ ಕೇಳಿದಳು:

"ದೊಡ್ಡಮ್ಮಾ, 'ಮೃತಳ ಸ್ವಂತ ನಿರ್ಲಕ್ಷ್ಯ' ಅಂದ್ರೆ ಅಮ್ಮಂದೇ ತಪ್ಪು ಅಂತಾನಾ? ಅಮ್ಮಂಗೆ ಜಾಕೆಟ್ ಹಾಕ್ಕೊಳ್ಳೋಕೂ ಬರ್ತಿರ್ಲಿಲ್ವಾ?"

ಅಳುವುದಕ್ಕೂ ಸುಸ್ತು, ಬೈಯುವುದಕ್ಕೂ ಸುಸ್ತು. ಆ ಮಾತನ್ನು ಕಾಗದದಿಂದ ಅಳಿಸಬೇಕು ಅನ್ನುವುದೊಂದೇ ಅವತ್ತಿನಿಂದ ತಲೆಯಲ್ಲಿ ಉಳಿಯಿತು.

ಕಾಗದ ಬಂದ ಎಂಟನೇ ದಿನಕ್ಕೆ ರಸ್ತೆ ಸುರಕ್ಷತಾ ತರಬೇತಿ ಬಂತು. ಮೇಸ್ತ್ರಿ ಹಾಗೆ ಕಿರುಚಿದ್ದು ಅದಕ್ಕೇ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ರಸ್ತೆ ಪಕ್ಕದಲ್ಲಿ ಸಾಹೇಬರಿಗೆ ಕುರ್ಚಿ, ಜಲ್ಲಿ ರಾಶಿಯ ಹತ್ತಿರ ನಮಗೆ ಟಾರ್ಪಾಲು. ತರಬೇತಿ ಸಾಹೇಬ ಮೈಕ್ ಹಿಡಿದು, ಹೆದ್ದಾರಿಗೆ ಸರ್ಕಾರ ಎಷ್ಟು ಕೋಟಿ ಇಟ್ಟಿದೆ, ಇಂಥ ತರಬೇತಿಗೆ ಎಷ್ಟು, ಸಾರಿಗೆ ಸಂಶೋಧನೆಗೆ ಎಷ್ಟು ಎಂದು ಹೇಳುತ್ತಾ ಹೋದ. "ಎಲ್ಲಾ ನಿಮ್ಮ ಜೀವಕ್ಕೋಸ್ಕರ" ಅಂದ. ನಮ್ಮ ಜೀವಕ್ಕೆ ಇಷ್ಟು ಬೆಲೆ ಎಂದು ಮೊದಲೇ ಗೊತ್ತಿದ್ದರೆ ಇನ್ನೂ ಸ್ವಲ್ಪ ಜೋಪಾನವಾಗಿ ಬದುಕಬಹುದಿತ್ತು. ಪಕ್ಕದಲ್ಲಿ ಸಲಿಕೆಯವಳು ತೂಕಡಿಸುತ್ತಿದ್ದಳು.

ಅವನ ಜೊತೆ ಬಂದಿದ್ದ ಸಂಶೋಧನೆಯ ಮೇಡಂ ಮೆತ್ತಗಿನ ಹೆಂಗಸು. ನಮ್ಮ ಹತ್ತಿರವೇ ಬಂದು ಕುಕ್ಕರಗಾಲಲ್ಲಿ ಕೂತು ಒಂದು ಹಾಳೆ ತೆಗೆದಳು.

"ಜಾಕೆಟ್ ಉಲ್ಟಾ ಹಾಕ್ಕೊಳ್ತಿದ್ರಾ ಅಮ್ಮಾ?"

"ಹೂಂ."

"ಯಾಕೆ? ಗೊತ್ತಿರ್ಲಿಲ್ವಾ, ಮರೆತುಹೋಗ್ತಿತ್ತಾ, ಸೆಕೆ ಆಗ್ತಿತ್ತಾ?"

"ಮೇಸ್ತ್ರಿ ಹೇಳಿದ್ದ. ಮಾಸಬಾರ್ದು ಅಂತ."

ಮೇಡಮ್ಮಿನ ಪೆನ್ನು ಹಾಳೆಯ ಮೇಲೆಲ್ಲ ಹುಡುಕಾಡಿತು. "ಅದು ಇದರಲ್ಲಿ ಇಲ್ವಲ್ಲಮ್ಮ. ಮೂರರಲ್ಲಿ ಒಂದು ಹೇಳಿ."

"ನಾಲ್ಕನೇದು ನೀವೇ ಬರ್ಕೊಳ್ಳಿ."

"ಹಂಗೆಲ್ಲ ಬರೆಯೋ ಹಾಗಿಲ್ಲಮ್ಮ" ಎಂದು, ನನ್ನ ಮುಖ ನೋಡದೆ ಮೊದಲನೆಯದಕ್ಕೆ ಗುರುತು ಹಾಕಿದಳು.

ಅಷ್ಟರಲ್ಲಿ ಸಾಹೇಬ ಮೈಕಿನಲ್ಲಿ ಕರೆದ. ಯಾರಾದರೂ ಒಬ್ಬರು ಬಂದು ಜಾಕೆಟ್ ಹಾಕುವ ತಪ್ಪು ವಿಧಾನ ಮೊದಲು, ಸರಿಯಾದ ವಿಧಾನ ಆಮೇಲೆ ತೋರಿಸಬೇಕಂತೆ. ಮೇಸ್ತ್ರಿ ನನ್ನ ಬೆನ್ನಿಗೆ ತಿವಿದ.

"ಹೋಗೇ ಪೊರಕೆ. ಹಲ್ಲು ಬಿಟ್ಕೊಂಡು ನಿಂತ್ಕೋ. ವೀಡಿಯೊ ಮಾಡ್ತಾರೆ."

ಹೋದೆ. ಜಾಕೆಟ್ ಬಿಚ್ಚಿ, ಪಟ್ಟಿ ಒಳಗೆ ಮಾಡಿ ಹಾಕಿಕೊಂಡೆ. ಕಣ್ಣು ಕಟ್ಟಿದರೂ ಮಾಡಿಯೇನು. ಸಾಹೇಬ ನನ್ನ ಬಾಯಿಗೆ ಮೈಕ್ ಹಿಡಿದ. "ಇದು ಯಾವ ವಿಧಾನ, ಹೇಳಮ್ಮ?"

"ತಪ್ಪು ವಿಧಾನ ಸಾರ್. ಆರು ತಿಂಗಳು ನಮಗೆ ಹೇಳಿಕೊಟ್ಟಿದ್ದು ಇದನ್ನೇ."

ನಾನು ಯಾರ ಮೇಲೂ ಬೊಟ್ಟು ಮಾಡಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಸ್ತ್ರಿ ದಡಕ್ಕನೆ ಎದ್ದ. "ಸುಳ್ಳು ಸಾರ್! ಲೇ ಬೋಳಿಮುಂಡೆ, ಮಾಸುತ್ತೆ ಅಂತ ತಾನೇ ನಾನು..." ಎಂದವನು ಉಳಿದದ್ದನ್ನು ನುಂಗಿಕೊಂಡ. ಟಾರ್ಪಾಲಿನ ಮೇಲೆ ಯಾರೋ ಕಿಸಕ್ಕೆಂದರು.

ಸಾಹೇಬ ಕೈಯೆತ್ತಿ ವೀಡಿಯೊ ನಿಲ್ಲಿಸಿದ. "ಅದೆಲ್ಲ ಈಗ ಬೇಡ. ಸರಿಯಾದ ವಿಧಾನ ತೋರಿಸಿಬಿಡಮ್ಮ, ಸಾಕು."

"ಮೊದ್ಲು ಕಾಗದ ತಿರುಗಿಸಿ ಸಾರ್. ಆಮೇಲೆ ಜಾಕೆಟ್ ತಿರುಗಿಸ್ತೀನಿ."

"ಯಾವ ಕಾಗದ?"

"ನನ್ನ ಓರಗಿತ್ತೀದೇ ತಪ್ಪು ಅಂತ ಬರೆದಿದ್ದೀರಲ್ಲ, ಅದು."

"ಆ ವರದಿ ಮೇಲೆ ಹೋಗಿಬಿಟ್ಟಿದೆ. ಇನ್ನೇನೂ ಮಾಡೋಕಾಗಲ್ಲ."

"ಮೇಲೆ ಹೋದ ಮನುಷ್ಯರು ವಾಪಸ್ ಬರಲ್ಲ ಸಾರ್. ಕಾಗದ ಬರುತ್ತೆ."

ಅದನ್ನು ಧೈರ್ಯ ಅನ್ನಬೇಡಿ, ಸಾಕಾಗಿತ್ತು ಅಷ್ಟೆ. ಹೋಗಿ ನನ್ನ ಜಾಗದಲ್ಲಿ ಕೂತೆ. ಸಲಿಕೆಯವಳು ಕಣ್ಣುಜ್ಜಿಕೊಂಡು ನನ್ನನ್ನು ನೋಡಿದಳು. ಏನೂ ಕೇಳದೆ ತನ್ನ ಜಾಕೆಟ್ ಬಿಚ್ಚಿ, ಪಟ್ಟಿ ಒಳಗೆ ಮಾಡಿ ಹಾಕಿಕೊಂಡಳು. ಆಮೇಲೆ ಅವಳ ಪಕ್ಕದವಳು. ಆಮೇಲೆ ಹಿಂದೆ ಕೂತಿದ್ದ ಗಂಡಸರು. ಮೇಡಂ ಎದ್ದು ನಿಂತು, ಹಾಳೆಯನ್ನು ಎದೆಗೆ ಒತ್ತಿಕೊಂಡು ನೋಡುತ್ತಿದ್ದಳು.

ಆಗ ಡಾಂಬರಿನ ಟಿಪ್ಪರ್ ಬಂತು. ಸಾಹೇಬರ ಕಣ್ಣೆದುರು ಕೆಲಸ ನಡೆಯಲಿ ಎಂದು ಮೇಸ್ತ್ರಿಯೇ ಹೇಳಿ ತರಿಸಿದ್ದು. ಹೊಗೆಯಾಡುವ ರಾಶಿಯನ್ನು ತಿರುವಿನಲ್ಲಿ ಸುರಿದು ಹೊರಟುಹೋಯಿತು. ಬಿಸಿ ಇರುವಾಗಲೇ ಹರಡಿ ರೋಲರ್ ಹಾಯಿಸದಿದ್ದರೆ ಡಾಂಬರು ಕಲ್ಲಾಗುತ್ತದೆ, ಆಮೇಲೆ ಒಡೆದು ತೆಗೆಯಬೇಕು. ಅದು ಮೇಸ್ತ್ರಿಗೂ ಗೊತ್ತು, ನಮಗೂ ಗೊತ್ತು.

"ಏಳ್ರೋ, ಏಳ್ರೇ! ನಾಳೆಯಿಂದ ಒಬ್ಬರಿಗೂ ಕೆಲಸ ಇಲ್ಲ, ನೋಡ್ಕೊಳ್ಳಿ!"

ಯಾರೂ ಏಳಲಿಲ್ಲ. ನಾಳೆಯ ಭಯ ನಮಗೆ ಇರಲಿಲ್ಲವೆಂದಲ್ಲ, ಇತ್ತು. ಮೇಸ್ತ್ರಿ ರೋಲರಿನ ಕಡೆ ಓಡಿದ. ಮೈದುನ ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಅವನ ಪಕ್ಕದಿಂದಲೇ ಹಾದು ಬಂದು ನಮ್ಮ ಜೊತೆ ಕೂತ. ಹೆಂಡತಿಯನ್ನು ಮಣ್ಣು ಮಾಡಿದ ಮೇಲೆ ಅವನು ಯಾರೊಡನೆಯೂ ಮಾತಾಡಿರಲಿಲ್ಲ.

ಮೇಸ್ತ್ರಿ ತಿರುಗಿ ಬಂದಾಗ ಅವನ ದನಿ ಇಳಿದುಹೋಗಿತ್ತು.

"ಅಕ್ಕಾ, ನೀನಾದ್ರೂ ಹೇಳಕ್ಕಾ. ಡಾಂಬರು ಆರ್ತಾ ಇದೆ."

ಹನ್ನೊಂದು ವರ್ಷದಲ್ಲಿ ಅವನ ಬಾಯಲ್ಲಿ ನಾನು ಅಕ್ಕ ಆದದ್ದು ಅದೇ ಮೊದಲು.

"ಆರ್ಲಿ" ಅಂದ ಮೈದುನ.