ನಡುಗುವ ಕೈಗೊಂದು ಬ್ರಶ್

ನಮ್ಮತ್ತೆ ನಮ್ಮ ಜೊತೆ ಇರಲು ಬಂದಾಗಿನಿಂದ ಒಂದು ದಿನವೂ ಸೋಫಾದ ಮೇಲೆ ಕೂತವರಲ್ಲ. ಮೂಲೆಯ ಪ್ಲಾಸ್ಟಿಕ್ ಕುರ್ಚಿಯೇ ಅವರ ಜಾಗ. ಅವರ ಬಲಗೈ ನಡುಗುತ್ತದೆ, ಲೋಟ ಹಿಡಿದರೆ ಚಹಾ ತುಳುಕುತ್ತದೆ. ಸೋಫಾವೋ ಕೆನೆಬಣ್ಣದ ಮೈಕ್ರೋಫೈಬರ್. “ಕೆಟ್ಟರೆ ಕೆಡಲಿ, ಕೂತ್ಕೊಳ್ಳಿ ಅತ್ತೆ” ಎಂದು ಎಷ್ಟೋ ಸಲ ಹೇಳಿದ್ದೆ, ಜಪ್ಪಯ್ಯ ಅಂದರೂ ಕೇಳುತ್ತಿರಲಿಲ್ಲ.

ಕೇಳುವುದಾದರೂ ಹೇಗೆ? ನನ್ನ ಬಾಯಿ ದೊಡ್ಡದು. ನಮ್ಮವರು ಸೋಫಾಕ್ಕೆ ಎಣ್ಣೆತಲೆ ಒರಗಿಸಿದಾಗಲೆಲ್ಲ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ. ಅವರಿಗೆ ಅದು ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಬೈಗುಳ ಹೋಗಿ ತಗಲುತ್ತಿದ್ದದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದವರಿಗೆ.

ಹೋದ ವಾರ ಅತ್ತೆ ನನ್ನ ನಾದಿನಿಗೆ ಫೋನಿನಲ್ಲಿ ಹೇಳುತ್ತಿದ್ದರು: “ಭಾನುವಾರ ಬಂದು ಕರ್ಕೊಂಡು ಹೋಗಮ್ಮ. ಇಲ್ಲಿ ನಂಗೆ ಕೂರೋಕೂ ಭಯ.” ನನಗೆ ಅತ್ತೆ ಬೇಕು. ನಾನು ಒಂದಂದರೆ ಎರಡು ಅನ್ನುವವರು ಈ ಮನೆಯಲ್ಲಿ ಅವರೊಬ್ಬರೇ. ಅವರು ಹೋದರೆ ಜಗಳವಾಡುವುದು ಯಾರ ಹತ್ತಿರ, ನಮ್ಮವರೆಂಬ ಈ ಮೂಕಬಸವನ ಹತ್ತಿರವೇ?

ಶನಿವಾರ ಕೆಲಸ ಮುಗಿಸಿ ಬಂದು ನೋಡಿದರೆ ಸೋಫಾದ ನಡುವಿನ ಕುಶನ್ನೇ ಇಲ್ಲ. ಅತ್ತೆಯ ಕೋಣೆಗೆ ಹೋದೆ. ಮಂಚದ ಮೇಲೆ, ಹೊದಿಕೆಯಡಿ, ಚೌಕಾಕಾರದ ಯಾರೋ ಮಲಗಿದ್ದರು. ಪಕ್ಕದಲ್ಲಿ ಅತ್ತೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು.

“ಯಾರೂ ಇಲ್ವಲ್ಲ, ಒಂದ್ಸಲ ಕೂತು ನೋಡೋಣ ಅನ್ನಿಸ್ತು ಕಣೇ. ಎಷ್ಟು ಮೆತ್ತಗಿದೆ! ಅಷ್ಟರಲ್ಲಿ ಈ ಹಾಳು ಕೈ...”

ಹೊದಿಕೆ ಸರಿಸಿದೆ. ಚೆಲ್ಲಿದ ಚಹಾದ ಮೇಲೆ ನೀರು ಸುರಿದು, ಕೆಂಪು ಬಟ್ಟೆಯಿಂದ ತಿಕ್ಕಿದ್ದಾರೆ. ಚಹಾದ ಕಲೆ, ಅದರ ಸುತ್ತ ನೀರಿನ ಉಂಗುರ, ಎಲ್ಲದರ ಮೇಲೆ ಬಟ್ಟೆ ಬಿಟ್ಟ ಗುಲಾಬಿ ಬಣ್ಣ. ನನಗೆ ನಗು ತಡೆಯಲಾಗಲಿಲ್ಲ.

“ಏನತ್ತೆ, ಕಲೆ ತೆಗೆದಿದ್ದಾ, ಚಿತ್ರ ಬಿಡಿಸಿದ್ದಾ?”

“ನಾಳೆ ಹೋಗ್ತೀನಲ್ಲ, ಆಮೇಲೆ ಬೇಕಾದಷ್ಟು ನಗು.”

“ಹೋಗೋದು ಆಮೇಲೆ. ಮೊದಲು ಇದನ್ನ ನೆಟ್ಟಗೆ ಮಾಡೋಣ, ಬನ್ನಿ.”

ಕುಶನ್ನಿನ ಅಡಿಯ ಚೀಟಿಯಲ್ಲಿ ನೀರು ಕೂಡದು, ಸ್ಪಿರಿಟ್ ಮಾತ್ರ ಎಂದಿತ್ತು. ಔಷಧಿ ಅಂಗಡಿಯಿಂದ ಸ್ಪಿರಿಟ್ ತಂದು, ವಾಸನೆ ಹೋಗಲೆಂದು ಕಿಟಕಿ ತೆಗೆದೆ. ಹಿಂಬದಿಯಲ್ಲಿ ಒಂದು ಮೂಲೆಗೆ ಹಚ್ಚಿ ಪರೀಕ್ಷೆ ಮಾಡಿ, ಆಮೇಲೆ ಕಲೆಗೆ ಸ್ಪಿರಿಟ್ ಸಿಂಪಡಿಸಿ ಬಿಳಿ ಸ್ಪಂಜಿನಿಂದ ಒರೆಸುತ್ತ ಹೋದೆ. ಗುಲಾಬಿ ಹೋಯಿತು, ಉಂಗುರ ಹೋಯಿತು, ಚಹಾವೂ ಹೋಯಿತು. ಆದರೆ ಒರೆಸಿದ ಜಾಗ ಮಾತ್ರ ಬೆಳ್ಳಗೆ ಎದ್ದು ಕಾಣತೊಡಗಿತು. ಅತ್ತೆ ಕಣ್ಣರಳಿಸಿದರು.

“ಅಯ್ಯಯ್ಯೋ! ನಿಮ್ಮ ಸೋಫಾದ ಬಣ್ಣ ಇದಾ? ಮತ್ತೆ ಉಳಿದಿದ್ದೆಲ್ಲ ಏನೇ?”

ಉಳಿದದ್ದೆಲ್ಲ ಅವರ ಮಗನ ತಲೆಯೆಣ್ಣೆ ಮತ್ತು ನನ್ನ ಅಂಗೈ ಬೆವರು. ಸೋಫಾದ ವಿಷಯಕ್ಕೆ ಮೊದಲ ಸಲ ಅತ್ತೆಯ ದನಿ ಏರಿತು. “ಇಷ್ಟು ಕೊಳೆ ಇಟ್ಕೊಂಡು ನಾನು ದೂರ ಕೂರಬೇಕಿತ್ತಾ? ಕರಿಯೇ ಅವನನ್ನ!”

ಮೂವರೂ ಸೇರಿ ಎಲ್ಲ ಕುಶನ್‌ಗಳನ್ನೂ ಒರೆಸಿದೆವು. ಒಣಗಿದ ಮೇಲೆ ಬಟ್ಟೆ ರಟ್ಟಿನ ಹಾಗೆ ಬಿರುಸಾಯಿತು. ಮೃದುವಾಗಲು ಬ್ರಶ್ ಆಡಿಸಬೇಕು. ನನ್ನ ಕೈಯೂ ನನ್ನ ಬಾಯಿಯ ಹಾಗೇ. ಒತ್ತಿ ಉಜ್ಜಿದ್ದಕ್ಕೆ ಬರೀ ಗೆರೆ ಎದ್ದವು.

“ಕೊಡೇ ಇಲ್ಲಿ! ಇದೇನು ಸೀದ ಪಾತ್ರೆನಾ?” ಅತ್ತೆ ಬ್ರಶ್ ಕಿತ್ತುಕೊಂಡರು. ಅವರ ಬಲಗೈ ನಡುಗಿತು. ಬ್ರಶ್ ಒತ್ತದೆ, ನಿಲ್ಲದೆ, ಸಣ್ಣಗೆ ಅತ್ತಿತ್ತ ಓಡಾಡಿತು. ಬಿದ್ದಿದ್ದ ಎಳೆಗಳು ಒಂದೊಂದಾಗಿ ಎದ್ದವು, ಕುಶನ್ ಹೊಸದರ ಹಾಗೆ ಮೆತ್ತಗಾಯಿತು. ಅತ್ತೆ ಒಮ್ಮೆ ಕುಶನ್ ನೋಡಿದರು, ಒಮ್ಮೆ ತಮ್ಮ ಕೈ ನೋಡಿಕೊಂಡರು.

ಮೂಕಬಸವ ಬಾಯಿಬಿಟ್ಟ. “ಅಮ್ಮಾ, ನೀನು ಕರೆಂಟೇ ಬೇಡದ ಮಷೀನು ಕಣೇ!”

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ಬಂತು, ನನ್ನದು ಬರೀ ನಗುವಿನದ್ದಲ್ಲ.

ಭಾನುವಾರ ನಾದಿನಿ ಬಂದಾಗ ಅತ್ತೆ ಸೋಫಾದ ನಟ್ಟನಡುವೆ ಕಾಲು ಮಡಿಸಿ ಕೂತಿದ್ದರು, ಕೈಯಲ್ಲಿ ತುಂಬಿದ ಲೋಟ.

“ಹೊರಡೋಣ್ವಾ ಅಮ್ಮ?”

“ಎಲ್ಲಿಗೆ ಬರ್ಲೇ? ಇವರಿಬ್ಬರ ಕೈಗೆ ಬಿಟ್ರೆ ಈ ಸೋಫಾ ಉಳಿಯತ್ತಾ?” ಅಷ್ಟರಲ್ಲಿ ಲೋಟ ತುಳುಕಿತು, ಚಹಾ ಕುಶನ್ ಮೇಲೆ ಬಿತ್ತು. ಅತ್ತೆ ಕೆಳಗೆ ನೋಡಲೂ ಇಲ್ಲ, ಇನ್ನೊಂದು ಗುಟುಕು ಕುಡಿದರು.

“ಸ್ಪಿರಿಟ್ ತಗೊಂಡು ಬಾರೇ,” ಎಂದರು ನನಗೆ. ಮಗಳ ಕಡೆ ತಿರುಗಿ, “ನೀನ್ಯಾಕೆ ನಿಂತಿದ್ದೀಯ? ಆ ಪ್ಲಾಸ್ಟಿಕ್ ಕುರ್ಚಿ ಖಾಲಿ ಇದೆ, ಕೂತ್ಕೋ.”